ಕಾರಿನ ಬ್ಯಾಟರಿಯ ಆಯುಷ್ಯ

ಮನೆಗೆ ಹೊದಿಸಿದ ಹೆಂಚು ಎಷ್ಟು ಮಳೆಗಾಲ ತಾಳೀತು, ಹಗೇವಿನಲ್ಲಿಟ್ಟ ರಾಗಿ ಎಷ್ಟು ವರ್ಷ ಕೆಡದೆ ಉಳಿದೀತು, ಇವಕ್ಕೆಲ್ಲ ನಮ್ಮ ಹಿರಿಯರ ಬಳಿ ಲೆಕ್ಕವಿತ್ತು. ಆ ಲೆಕ್ಕ ಬಹುಮಟ್ಟಿಗೆ ತಪ್ಪುತ್ತಿರಲಿಲ್ಲ. ಈಗಿನ ಗೃಹಸ್ಥನ ಮನೆಯ ಮುಂದೆ ನಿಂತಿರುವ ಕಾರಿನ ಬ್ಯಾಟರಿಯ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಬಳ್ಳಾಪುರದಲ್ಲಿ ವಿಚಾರಿಸಿದರೆ ನಾಲ್ಕು ವರ್ಷವೆನ್ನುತ್ತಾರೆ. ಗೌರಿಬಿದನೂರಿನಲ್ಲಿ ಮೂರು ದಾಟಿದರೆ ಪುಣ್ಯವೆನ್ನುತ್ತಾರೆ. ಚಿಂತಾಮಣಿಯ ನನ್ನ ಸ್ನೇಹಿತರೊಬ್ಬರು ಆರು ವರ್ಷ ನಡೆಸಿದೆನೆಂದು ಮದುವೆಮನೆಗಳಲ್ಲಿ ಹೇಳಿಕೊಳ್ಳುತ್ತಾರೆ. ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರದು ಎರಡನೆಯ ವರ್ಷಕ್ಕೇ ಮುಗಿಯಿತು. ಇವರಲ್ಲಿ ಸುಳ್ಳಾಡುವವರು ಯಾರೂ ಇಲ್ಲ. ಹಾಗಾದರೆ ಒಂದೇ ಜಾತಿಯ ಪೆಟ್ಟಿಗೆ, ಒಂದೇ ಜಿಲ್ಲೆಯ ನಾಲ್ಕು ಊರುಗಳಲ್ಲಿ, ನಾಲ್ಕು ಬಗೆಯ ಆಯುಷ್ಯವನ್ನು ಪಡೆದು ಬರುವುದು ಹೇಗೆ?

ನಾನು ಲೆಕ್ಕ ಬರೆದಿಡುವ ಸ್ವಭಾವದವನು. ೨೦೧೩ರಲ್ಲಿ ಸಣ್ಣದೊಂದು ಪೆಟ್ರೋಲ್ ಕಾರನ್ನು ಕೊಂಡ ದಿನದಿಂದ ಅದರ ಖರ್ಚಿಗೆಂದೇ ಒಂದು ಪುಸ್ತಕವನ್ನಿಟ್ಟಿದ್ದೇನೆ. ಆಗ ನಾನು ಶಿಡ್ಲಘಟ್ಟದಲ್ಲಿ ಉಪಾಧ್ಯಾಯನಾಗಿದ್ದೆ, ಮನೆ ಚಿಕ್ಕಬಳ್ಳಾಪುರದಲ್ಲಿ. ದಿನವೂ ಹೋಗಿಬರುವ ದಾರಿ ಮೂವತ್ತು ಕಿಲೋಮೀಟರಿಗೆ ಮೇಲೆ. ಕಾರಿನೊಡನೆ ಬಂದ ಮೊದಲನೆಯ ಬ್ಯಾಟರಿ ನಾಲ್ಕು ವರ್ಷ ಮೂರು ತಿಂಗಳು ದುಡಿಯಿತು. ಎರಡನೆಯದನ್ನು ಕೊಂಡ ಕೆಲವೇ ತಿಂಗಳಿಗೆ ನಾನು ನಿವೃತ್ತನಾದೆ. ಅಲ್ಲಿಂದ ಮುಂದೆ ಕಾರಿಗೂ ನಿವೃತ್ತಿಯೇ. ವಾರಕ್ಕೆ ಎರಡು ಸಲ ಸಂತೆಗೋ ದೇವಸ್ಥಾನಕ್ಕೋ ಹೋಗುವುದು, ಮೈಲು ದೂರ. ಆ ಬ್ಯಾಟರಿ ಮೂರು ವರ್ಷಕ್ಕೆ, ೨೦೨೦ರ ಬೇಸಗೆಯಲ್ಲಿ, ಕಣ್ಣು ಮುಚ್ಚಿತು. ಮೂರನೆಯದರ ಕಾಲಕ್ಕೆ ಮಗಳ ಸಂಸಾರ ಗೌರಿಬಿದನೂರಿಗೆ ಬಂದಿತ್ತು. ವಾರಕ್ಕೊಮ್ಮೆ ಮಂಚೇನಹಳ್ಳಿಯ ಮೇಲೆ ಅಲ್ಲಿಗೆ ಹೋಗಿಬರುವುದು ವಾಡಿಕೆಯಾಯಿತು. ಅದು ಐದು ವರ್ಷ ಎರಡು ತಿಂಗಳು ಬಾಳಿತು. ಕಾರು ಒಂದೇ, ಚಾಲಕ ಒಬ್ಬನೇ, ಊರು ಒಂದೇ. ಬದಲಾದದ್ದು ನಡೆಯುವ ರೀತಿಯೊಂದೇ.

ಕಾರಣವನ್ನು ತಿಳಿಯಬೇಕಾದರೆ ಪೆಟ್ಟಿಗೆಯ ಒಳಗೇನಿದೆಯೆಂಬುದನ್ನು ಸ್ವಲ್ಪ ನೋಡಬೇಕು. ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ತೋ ಪ್ಲಾಂತೆ ಎಂಬ ವಿಜ್ಞಾನಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ವಿದ್ಯುತ್ತನ್ನು ತುಂಬಿ ಮತ್ತೆ ಹಿಂದಕ್ಕೆ ಪಡೆಯಬಹುದೆಂದು ತೋರಿಸಿದನು. ನಮ್ಮ ಕಾರುಗಳಲ್ಲಿರುವುದು ಇಂದಿಗೂ ಅದೇ ವಂಶದ ಕೂಸು. ಎರಡು ವೋಲ್ಟಿಗೆ ತುಸು ಮೇಲ್ಪಟ್ಟ ಆರು ಕೋಣೆಗಳು ಸಾಲಾಗಿ ಸೇರಿ ಹನ್ನೆರಡೂವರೆ ವೋಲ್ಟು ಚಿಲ್ಲರೆಯಾಗುತ್ತದೆ. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನು ವಿದ್ಯುತ್ತಿನಿಂದ ಎಂಜಿನ್ ಹೂಡುವ ಯಂತ್ರವನ್ನು ಅಳವಡಿಸಿದ ಮೇಲೆ ಬ್ಯಾಟರಿ ಮೋಟಾರಿಗೆ ಅನಿವಾರ್ಯವಾಯಿತು. ಅದಕ್ಕೆ ಮುಂಚೆ ಮುಂದುಗಡೆ ನಿಂತು ಕಬ್ಬಿಣದ ಹಿಡಿಯನ್ನು ತಿರುಗಿಸಬೇಕಾಗಿತ್ತು; ಎಂಜಿನ್ ಹಿಂದಕ್ಕೊದ್ದರೆ ಮುಂಗೈ ಮುರಿಯುತ್ತಿತ್ತು. ನಮ್ಮ ತಂದೆಯವರು ಯುದ್ಧಕಾಲದ ಇದ್ದಲುಗ್ಯಾಸಿನ ಬಸ್ಸುಗಳನ್ನು ಕಂಡವರು. ಬಸ್ಸು ಹೊರಡುವ ಮೊದಲು ನಡೆಯುತ್ತಿದ್ದ ಗಾಳಿಯೂದುವ ಹಿಡಿತಿರುಗಿಸುವ ಸಂಭ್ರಮವನ್ನು ಅವರು ವರ್ಣಿಸುವಾಗ ಅದು ಪ್ರಯಾಣವೋ ಹೋಮವೋ ತಿಳಿಯುತ್ತಿರಲಿಲ್ಲ. ಈಗ ಬೀಗದಕೈ ತಿರುಗಿಸಿದರೆ ಸಾಕು. ವಿದ್ಯುತ್ತಿನಿಂದಲೇ ಓಡುವ ಹೊಸ ಕಾರುಗಳಲ್ಲಿ ಸಹ, ದೊಡ್ಡ ಬ್ಯಾಟರಿಯ ಜೊತೆಗೆ ಹನ್ನೆರಡು ವೋಲ್ಟಿನ ಚಿಕ್ಕದೊಂದು ಇದ್ದೇ ಇರುತ್ತದೆ.

ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟೆಂಬ ಬಿಳಿಯ ಲವಣ ಕೂಡುತ್ತದೆ. ತುಂಬುವಾಗ ಅದು ಕರಗಿ ಹೋಗುತ್ತದೆ. ಹೋಗಬೇಕಾದರೆ ಪೂರ್ತಿ ತುಂಬಬೇಕು; ಅರೆ ತುಂಬಿ ಬಿಟ್ಟರೆ ಉಳಿದ ಲವಣ ದಿನಗಳೆದಂತೆ ಗಟ್ಟಿಯಾಗಿ, ಬಳಿಕ ಕರಗಲು ಒಪ್ಪುವುದಿಲ್ಲ. ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಕೆರೆಯ ಮಾತೇ ಸಾಕು. ಹೂಳು ತುಂಬಿದ ಕೆರೆ ಒಂದೇ ಮಳೆಗೆ ಕೋಡಿ ಬೀಳುತ್ತದೆ. ಏರಿಯ ಮೇಲೆ ನಿಂತು ನೋಡಿದವನಿಗೆ ಕೆರೆ ತುಂಬಿದಂತೆಯೇ ಕಾಣುತ್ತದೆ. ತೂಬು ಎತ್ತಿದರೆ ನಾಲ್ಕು ದಿನದ ನೀರಿಲ್ಲ. ಹಳೆಯ ಬ್ಯಾಟರಿಯೂ ಹೀಗೆಯೇ. ಮಾಪಕವಿಟ್ಟರೆ ಹನ್ನೆರಡೂವರೆ ತೋರಿಸುತ್ತದೆ. ಎಂಜಿನ್ ಹೂಡಿದರೆ ಒಂದು ನಿಟ್ಟುಸಿರು.

ದೂರ ನಡೆಯುವ ಕಾರಿನ ಬ್ಯಾಟರಿ ಹೆಚ್ಚು ಬಾಳುವ ಗುಟ್ಟು ಇಲ್ಲಿದೆ. ಎಂಜಿನ್ ಹೂಡುವುದಕ್ಕೆ ಹಿಡಿಯುವ ವಿದ್ಯುತ್ತು ಬಹಳವೇನೂ ಅಲ್ಲ. ನೂರೈವತ್ತು ಆಂಪಿಯರು ಮೂರು ಸೆಕೆಂಡು ಹರಿದರೂ ಅದು ಒಂದು ಆಂಪಿಯರ್-ಗಂಟೆಯ ಎಂಟನೆಯ ಒಂದು ಪಾಲು. ಆದರೆ ಈ ಜಾತಿಯ ಬ್ಯಾಟರಿ ಮುಕ್ಕಾಲು ಪಾಲು ಬೇಗ ತುಂಬಿಕೊಂಡು, ಕೊನೆಯ ಕಾಲುಪಾಲನ್ನು ತುಂಬಿಸಿಕೊಳ್ಳುವುದಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಮೈಲು ದೂರದ ಸಂತೆಗೆ ಹೋಗಿಬರುವ ಕಾರಿಗೆ ಆ ಕಾಲುಪಾಲು ಎಂದಿಗೂ ಸಿಕ್ಕುವುದಿಲ್ಲ. ನಿಂತಿರುವಾಗಲೂ ಖರ್ಚು ತಪ್ಪಿದ್ದಲ್ಲ. ಗಡಿಯಾರ, ಕಳ್ಳಗಂಟೆ, ಒಳಗಿನ ಗಣಕಗಳು ಸದಾ ಎಚ್ಚರವಾಗಿರುತ್ತವೆ. ಇವು ಎಲ್ಲ ಸೇರಿ ಐವತ್ತು ಮಿಲಿಆಂಪಿಯರು ಕುಡಿದವೆಂದಿಟ್ಟುಕೊಂಡರೆ, ದಿನಕ್ಕೆ ೧.೨ ಆಂಪಿಯರ್-ಗಂಟೆ, ಹದಿನೈದು ದಿನಕ್ಕೆ ಹದಿನೆಂಟು. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಶಕ್ತಿ ಮೂವತ್ತೈದು. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡು ಕುಳಿತಾಗ ಎಷ್ಟು ಮನೆಗಳ ಮುಂದೆ ಕಾರುಗಳು ನಿಂತಲ್ಲಿಯೇ ಮೂಕವಾದುವೆಂಬುದು ವಾಚಕರ ನೆನಪಿನಲ್ಲಿರಬಹುದು. ಬೆಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಕೆಲಸಕ್ಕೆ ಹೋಗಿಬಂದು, ಕಾರನ್ನು ಭಾನುವಾರಕ್ಕೆಂದು ಮೀಸಲಿಡುವ ನಮ್ಮೂರಿನ ಅನೇಕರಿಗೆ ಆ ಸ್ಥಿತಿ ವರ್ಷವಿಡೀ ಇರುವುದೇ. ಇಂಥವರು ವಾರಕ್ಕೊಮ್ಮೆ ಒಂದು ಗಂಟೆಯ ಹೊತ್ತು ಹೆದ್ದಾರಿಯಲ್ಲಿ ನಡೆಸುವುದು ಒಳ್ಳೆಯದು. ಮನೆಯ ಮುಂದೆ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ಗುರುಗುಟ್ಟಿಸುವುದರಿಂದ ನೆರೆಯವರ ನಿದ್ರೆ ಕೆಡುವುದೇ ಹೊರತು ಬ್ಯಾಟರಿ ತುಂಬುವುದಿಲ್ಲ.

ಇನ್ನು ಬಿಸಿಲಿನ ಮಾತು. ಚಳಿಯೇ ಬ್ಯಾಟರಿಯ ಶತ್ರುವೆಂದು ಬಹುಜನರ ನಂಬಿಕೆ. ಏಕೆಂದರೆ ಅದು ಕೈಕೊಡುವುದು ಸಾಮಾನ್ಯವಾಗಿ ಮಾರ್ಗಶಿರ ಪುಷ್ಯಗಳ ಬೆಳಗಿನ ಜಾವದಲ್ಲಿ, ನಂದಿಯ ಬೆಟ್ಟದ ಮಂಜು ಊರ ಮೇಲೆ ಇಳಿದಿರುವಾಗ. ಹಿಮ ಬೀಳುವ ದೇಶಗಳಲ್ಲಿ ಚಳಿಯ ಹಾವಳಿ ದೊಡ್ಡದೆಂಬುದು ನಿಜ. ನಮ್ಮಲ್ಲಿ ಹಾಗಲ್ಲ. ನಮ್ಮ ಬ್ಯಾಟರಿಗೆ ಪೆಟ್ಟು ಬೀಳುವುದು ಚೈತ್ರ ವೈಶಾಖಗಳಲ್ಲಿ; ಬಿಸಿಯಲ್ಲಿ ತಗಡಿನ ಚೌಕಟ್ಟು ಬೇಗ ಸವೆಯುತ್ತದೆ, ನೀರು ಆರುತ್ತದೆ. ಇಪ್ಪತ್ತೈದು ಡಿಗ್ರಿಯ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಮೆ ಅರ್ಧವಾಗುತ್ತದೆಂದು ಈ ವಿದ್ಯೆಯವರು ಇಟ್ಟುಕೊಂಡಿರುವ ಅಂದಾಜು. ಬೇಸಗೆಯಲ್ಲಿ ತಿಂದ ಪೆಟ್ಟು ಚಳಿಗಾಲದಲ್ಲಿ ಎಣ್ಣೆ ಮಂದವಾಗಿ ಎಂಜಿನ್ ಭಾರವಾದಾಗ ಬಯಲಾಗುತ್ತದೆ, ಅಷ್ಟೆ. ಉತ್ತರ ಪಿನಾಕಿನಿಯ ಬಯಲಿನಲ್ಲಿ, ಚಿಕ್ಕಬಳ್ಳಾಪುರಕ್ಕಿಂತ ತಗ್ಗಿನಲ್ಲಿರುವ ಗೌರಿಬಿದನೂರಿನವರು ಮೂರು ವರ್ಷಕ್ಕೇ ತೃಪ್ತರಾಗುವುದರಲ್ಲಿ ಆಶ್ಚರ್ಯವಿಲ್ಲ. ನನ್ನ ಅಳಿಯನು ಮನೆಯೆದುರಿನ ಹೊಂಗೆಯ ನೆರಳಿನಲ್ಲಿಯೇ ಕಾರನ್ನು ನಿಲ್ಲಿಸುತ್ತಾನೆ. ಹಕ್ಕಿಗಳ ಹಿಕ್ಕೆಯನ್ನು ತೊಳೆಯುವ ಕೆಲಸ ಹೆಚ್ಚಾಯಿತೆಂದು ಮಗಳು ಗೊಣಗುತ್ತಾಳೆ. ಬ್ಯಾಟರಿಗೆ ಮಾತ್ರ ಹೊಂಗೆಯೇ ಹಿತ.

ನೀರಿನ ವಿಷಯವನ್ನೂ ಹೇಳಿಬಿಡಬೇಕು. ಈಗಿನ ಬ್ಯಾಟರಿಗಳಲ್ಲಿ ಬಹಳ ಮಟ್ಟಿಗೆ ನೀರು ಹಾಕುವ ಕೆಲಸವೇ ಇಲ್ಲ. ಮುಚ್ಚಳವುಳ್ಳವು ಸಹ ಇನ್ನೂ ಉಂಟು. ಅಂಥವಕ್ಕೆ ನಮ್ಮ ಕೊಳವೆಬಾವಿಯ ನೀರನ್ನು ಎಂದಿಗೂ ಹಾಕಬಾರದು. ಸಾವಿರ ಅಡಿ, ಅದಕ್ಕೂ ಆಳದಿಂದ ಬರುವ ಈ ನೀರಿನಲ್ಲಿರುವ ಲವಣವನ್ನೂ ಫ್ಲೋರೈಡನ್ನೂ ಬಲ್ಲವರಿಗೆ ವಿವರಿಸಬೇಕಾದ್ದಿಲ್ಲ. ಹಳ್ಳಿಹಳ್ಳಿಯಲ್ಲಿರುವ ಶುದ್ಧನೀರಿನ ಘಟಕದ ಕ್ಯಾನಿನ ನೀರಾದರೂ ಆಗದೆ ಎಂದು ಕೇಳುವವರುಂಟು. ಕುಡಿಯುವುದಕ್ಕೆ ಆದೀತು, ಬ್ಯಾಟರಿಗೆ ಆಗದು, ಅದರಲ್ಲಿಯೂ ಲವಣ ಸ್ವಲ್ಪ ಉಳಿದಿರುತ್ತದೆ. ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಆಮ್ಲವನ್ನಂತೂ ಮನೆಯಲ್ಲಿ ಯಾರೂ ಮುಟ್ಟಬಾರದು. ತುಂಬುತ್ತಿರುವ ಬ್ಯಾಟರಿಯ ಬಳಿ ಬೀಡಿ ಹಚ್ಚಬಾರದು, ಅದರಿಂದ ಹೊರಡುವ ಜಲಜನಕ ಸಿಡಿಯತಕ್ಕ ವಾಯು.

ಇಷ್ಟೆಲ್ಲವನ್ನೂ ಒಂದು ಯಂತ್ರದ ವಿಷಯಕ್ಕೆ ಹೇಳಬೇಕೆ ಎಂದು ಕೆಲವರಿಗೆ ತೋರಬಹುದು. ನನಗೂ ೨೦೨೨ರ ಜನವರಿಯವರೆಗೆ ಇದು ಲೆಕ್ಕದ ಪುಸ್ತಕದ ಕುತೂಹಲವಾಗಿಯೇ ಇತ್ತು. ನನ್ನ ಅಕ್ಕನ ಮನೆ ಚಿಂತಾಮಣಿಯ ಹತ್ತಿರದ ಒಂದು ಹಳ್ಳಿ. ಭಾವನವರಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ವಾರಕ್ಕೆ ಎರಡು ಸಲ ಯಂತ್ರದಲ್ಲಿ ರಕ್ತವನ್ನು ಶುದ್ಧಿಮಾಡಿಸಿಕೊಳ್ಳಬೇಕಾಗಿದೆ. ಬೆಳಗಿನ ಆರೂವರೆಗೆ ಅವರ ಸರದಿ. ಆ ದಿನ ಐದು ಗಂಟೆಗೆ ಸೋದರಳಿಯನು ಬೀಗದಕೈ ತಿರುಗಿಸಿದಾಗ ಕಾರು ಟಕ್ ಎಂದು ಸುಮ್ಮನಾಯಿತು. ಹಿಂದಿನ ಸಂಜೆ ಸರಿಯಾಗಿಯೇ ನಡೆದಿತ್ತು. ಬ್ಯಾಟರಿಗೆ ನಾಲ್ಕು ವರ್ಷ ಏಳು ತಿಂಗಳು ಆಗಿತ್ತು. ಊರಿನ ಮೊದಲ ಬಸ್ಸಿಗೆ ಇನ್ನೂ ಒಂದು ಗಂಟೆ. ಭಾವನವರಿಗೆ ಎರಡು ದಿನದ ನೀರು ಮೈಯಲ್ಲಿ ನಿಂತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವರು ಜಗುಲಿಯ ಕಂಬಕ್ಕೊರಗಿ ಕುಳಿತೇ ಇದ್ದರು. ಅದೃಷ್ಟಕ್ಕೆ ಪಕ್ಕದ ಬೀದಿಯ ರೈತರೊಬ್ಬರು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡನ್ನು ಟೆಂಪೋವಿಗೆ ತುಂಬುತ್ತಿದ್ದರು. ಗೂಡಿನ ವ್ಯಾಪಾರ ಕಾಯುವಂಥದಲ್ಲ. ತಡವಾದರೆ ಚಿಟ್ಟೆ ಗೂಡನ್ನು ಸೀಳಿ ಹೊರಬಂದು ದುಡಿದದ್ದೆಲ್ಲ ಹಾಳು. ಆದರೂ ಅವರು ಟೆಂಪೋವನ್ನು ತಂದು ಎದುರಿಗೆ ನಿಲ್ಲಿಸಿ, ತಂತಿ ಜೋಡಿಸಿ, ಕಾರಿಗೆ ಜೀವ ಕೊಟ್ಟು ಹೋದರು. ಆಸ್ಪತ್ರೆಗೆ ಮುಟ್ಟುವಾಗ ಒಂದೂಕಾಲು ಗಂಟೆ ತಡ. ಅವರ ಯಂತ್ರವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು, ಮಧ್ಯಾಹ್ನದವರೆಗೂ ಕಾಯಬೇಕಾಯಿತು. ಅಕ್ಕ ನನಗೆ ಫೋನಿನಲ್ಲಿ ಹೇಳಿದ ಮಾತು ಇದು: “ನೀನು ಬ್ಯಾಟರಿ ಇನ್ನೆಷ್ಟು ದಿನ ಬಂದೀತೆಂದು ಎಣಿಸುತ್ತೀಯೆ. ನಮಗೆ ಅದು ಒಂದು ದಿನ ಬರದೆ ಹೋದರೂ ಆಗದು.”

ಅಂದಿನಿಂದ ನನ್ನ ಅಭಿಪ್ರಾಯ ಎರಡಾಗಿ ಒಡೆದಿದೆ. ಕಾರು ನಿಂತರೆ ಬಸ್ಸಿಗೆ ಹೋಗಬಲ್ಲ ನನ್ನಂಥವನು ಬ್ಯಾಟರಿಯನ್ನು ಕೊನೆಯ ಉಸಿರಿನವರೆಗೂ ದುಡಿಸಬಹುದು. ರೋಗಿಗಳು, ಬಸುರಿಯರು, ತೀರ ಮುದುಕರು ಇರುವ ಮನೆಯವರು, ರಾತ್ರಿಯ ಹೊತ್ತು ದೂರ ಹೋಗತಕ್ಕವರು, ಅದು ಚೆನ್ನಾಗಿ ನಡೆಯುತ್ತಿದ್ದರೂ ನಾಲ್ಕನೆಯ ವರ್ಷದ ಬೇಸಗೆ ಕಳೆದೊಡನೆ ಬದಲಾಯಿಸುವುದು ದುಂದಲ್ಲ. ಭಾವನವರ ಮನೆಯಲ್ಲಿ ಈಗ ಹಾಗೆಯೇ ನಡೆಯುತ್ತಿದೆ.

ಇದ್ದಕ್ಕಿದ್ದಂತೆ ಸಾಯುವುದುಂಟಾದರೂ, ಬಹುಮಟ್ಟಿಗೆ ಬ್ಯಾಟರಿ ಮುನ್ಸೂಚನೆ ಕೊಡುತ್ತದೆ. ಎಂಜಿನ್ ಹೂಡುವಾಗ ರಾಗ ಎಳೆಯುವುದು, ಆಗ ದೀಪ ಮಂಕಾಗುವುದು, ಪೆಟ್ಟಿಗೆಯ ಪಕ್ಕ ಉಬ್ಬುವುದು ಇವು ಮುಖ್ಯ. ಕೆಲವು ನೂರು ರೂಪಾಯಿಗೆ ದೊರೆಯುವ ಮಾಪಕವೊಂದು ಮನೆಯಲ್ಲಿದ್ದರೆ ಇನ್ನೂ ಚೆನ್ನ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ೧೨.೬ ವೋಲ್ಟು ತೋರಿದರೆ ತುಂಬಿದೆ, ೧೨.೨ ಎಂದರೆ ಅರ್ಧ. ೧೨ಕ್ಕೆ ಇಳಿದರೆ ಬರಿದಾಗುತ್ತ ಬಂದಿದೆ. ಹೂಳಿನ ಪರೀಕ್ಷೆಗೆ, ಒಬ್ಬರು ಎಂಜಿನ್ ಹೂಡುವಾಗ ಇನ್ನೊಬ್ಬರು ಮಾಪಕವನ್ನು ನೋಡಬೇಕು. ಹತ್ತಕ್ಕಿಂತ ಕೆಳಕ್ಕೆ ಕುಸಿದರೆ ಹೊಸದಕ್ಕೆ ಹಣ ಹೊಂದಿಸುವ ಕಾಲ ಬಂದಿತು. ಎಂಜಿನ್ ನಡೆಯುತ್ತಿರುವಾಗ ೧೩.೮ರಿಂದ ೧೪.೫ರ ಒಳಗೆ ಇರಬೇಕು. ಇಲ್ಲದಿದ್ದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬುವ ಆಲ್ಟರ್ನೇಟರಿನದು. ಆರು ವರ್ಷದ ಬಡಾಯಿಯ ನನ್ನ ಚಿಂತಾಮಣಿಯ ಸ್ನೇಹಿತರು ಆಮೇಲೆ ಹೊಸದನ್ನು ಕೊಂಡು, ಅದು ಮೂರು ವಾರಕ್ಕೆ ಬರಿದಾಗಲು ಅಂಗಡಿಯವನೊಡನೆ ಜಗಳವಾಡಿ ಬಂದರು. ಕೊನೆಗೆ ಸಿಕ್ಕಿಬಿದ್ದದ್ದು ಆಲ್ಟರ್ನೇಟರಿನ ಸಡಿಲವಾದ ಪಟ್ಟಿ. ಎಷ್ಟೋ ಸಲ ಧ್ರುವಗಳ ಮೇಲೆ ಕಟ್ಟಿದ ಹಸಿರುಬಿಳಿಯ ಕಿಲುಬೇ ಕಾರಣವಾಗಿರುತ್ತದೆ. ಅಡಿಗೆಯ ಸೋಡ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಬಿಗಿಮಾಡಿದರೆ ಐದು ಸಾವಿರದ ಖರ್ಚು ಐದು ರೂಪಾಯಿಯಲ್ಲಿ ತೀರುತ್ತದೆ.

ಹೊಸದನ್ನು ಆರಿಸುವಾಗ ಮೊದಲು ನೋಡಬೇಕಾದ್ದು ಕಾರಿನೊಡನೆ ಬಂದ ಪುಸ್ತಕ. ಪೆಟ್ಟಿಗೆಯ ಅಳತೆ, ಧನಧ್ರುವ ಎಡಕ್ಕೋ ಬಲಕ್ಕೋ ಎಂಬುದು, ಆಂಪಿಯರ್-ಗಂಟೆ ಎಲ್ಲವೂ ಅದರಲ್ಲಿವೆ. ನಿಂತಾಗ ತಾನೇ ಎಂಜಿನ್ ಆರಿಸಿ ಮತ್ತೆ ಹೂಡುವ ಹೊಸ ಕಾರುಗಳಿಗೆ ಅದಕ್ಕೆಂದೇ ಮಾಡಿದ ಜಾತಿಯನ್ನೇ ಹಾಕಬೇಕು. ಸಾಮಾನ್ಯದ್ದು ಅಲ್ಲಿ ಬಹಳ ಕಾಲ ತಾಳದು. “ಇನ್ನೂ ದೊಡ್ಡದು ಹಾಕಿಸಿ, ಹೆಚ್ಚು ಬರುತ್ತದೆ” ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಹಗೇವನ್ನು ದೊಡ್ಡದಾಗಿ ತೋಡಿಸಿದ ಮಾತ್ರಕ್ಕೆ ಹೊಲದಲ್ಲಿ ರಾಗಿ ಹೆಚ್ಚು ಬೆಳೆಯುವುದಿಲ್ಲ. ತುಂಬುವ ದಾರಿ ಅಷ್ಟೇ ಇದ್ದು, ಪಾತ್ರೆ ದೊಡ್ಡದಾದರೆ ಅರೆತುಂಬಿಯೇ ಉಳಿಯುತ್ತದೆ. ತಯಾರಕರ ಹೆಸರಿನ ವಿಷಯದಲ್ಲಿ ನನಗೆ ಪಕ್ಷಪಾತವಿಲ್ಲ. ತಿರುಪತಿಯ ಹತ್ತಿರ ಕರಕಂಬಾಡಿಯಲ್ಲಿ ಅಮರರಾಜ, ಹೊಸೂರಿನಲ್ಲಿ ಎಕ್ಸೈಡ್, ಹೀಗೆ ನಮ್ಮ ಸೀಮೆಯ ಎರಡು ಪಕ್ಕಗಳಲ್ಲಿಯೂ ಕಾರ್ಖಾನೆಗಳಿವೆ. ಹೆಸರಿಗಿಂತ ಮುಖ್ಯವಾದದ್ದು ತಯಾರಾದ ತಿಂಗಳು. ಬ್ಯಾಟರಿ ಅಂಗಡಿಯಲ್ಲಿ ಕುಳಿತಿದ್ದರೂ ತನ್ನಷ್ಟಕ್ಕೆ ತಾನು ಸೋರುತ್ತಿರುತ್ತದೆ. ಮೈಮೇಲೆ ಅಚ್ಚೊತ್ತಿರುವ ಗುರುತನ್ನು ಅಂಗಡಿಯವರಿಂದಲೇ ಓದಿಸಿಕೊಂಡು, ಮೂರು ತಿಂಗಳಿಗೆ ಹಳೆಯದಾದರೆ ಬೇರೆಯದನ್ನು ಕೇಳುವುದು ನನ್ನ ಪದ್ಧತಿ. ನಮ್ಮ ನಾಲ್ಕು ಊರುಗಳಲ್ಲೊಂದರ ಒಂದು ಅಂಗಡಿಯಲ್ಲಿ ಹನ್ನೊಂದು ತಿಂಗಳ ಹಳೆಯ ಸರಕನ್ನು “ಈಗ ತಾನೇ ಬಂದದ್ದು” ಎಂದು ನನ್ನ ಮುಂದಿಟ್ಟರು. ಲಾರಿಯಿಂದ ಈಗ ಇಳಿದಿರಬಹುದು. ಆ ಮಾತು ಸುಳ್ಳೆನ್ನಲಾಗದು.

ಭರವಸೆಯ ಚೀಟಿಯ ಲೆಕ್ಕವೂ ಸ್ವಲ್ಪ ಜಾಣತನದ್ದು. ಮೂವತ್ತಾರು ತಿಂಗಳೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ, ಅನೇಕ ವೇಳೆ ಮೊದಲ ಹದಿನೆಂಟು ತಿಂಗಳು ಮಾತ್ರ ಕೆಟ್ಟರೆ ಹೊಸದನ್ನು ಬಿಟ್ಟಿಯಾಗಿ ಕೊಡುತ್ತಾರೆ. ಉಳಿದ ಹದಿನೆಂಟರಲ್ಲಿ ಬೆಲೆಯಲ್ಲಿ ಒಂದು ಪಾಲನ್ನು ಬಿಡುತ್ತಾರೆ. ಆ ಪಾಲನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯ ಮೇಲೆ. ಹೊಸದನ್ನು ಕೊಳ್ಳುವವನು ಅಚ್ಚಾದ ಬೆಲೆ ಕೊಡುವುದು ಅಪರೂಪ. ಹೀಗಾಗಿ ಕಾಗದದಲ್ಲಿ ಕಾಣುವ ಲಾಭ ಕೈಗೆ ಬರುವಾಗ ಕರಗಿರುತ್ತದೆ. ಬಿಟ್ಟಿಯ ತಿಂಗಳುಗಳನ್ನು ಮಾತ್ರ ಎಣಿಸಿ ಬೆಲೆಯನ್ನು ಭಾಗಿಸಿ ನೋಡಿರಿ. ನಾಲ್ಕು ಸಾವಿರದ್ದಕ್ಕೆ ಹದಿನೆಂಟು ತಿಂಗಳು, ಐದು ಸಾವಿರದ್ದಕ್ಕೆ ಮೂವತ್ತು ತಿಂಗಳು ಎಂದಿಟ್ಟುಕೊಂಡರೆ, ಮೊದಲನೆಯದು ತಿಂಗಳಿಗೆ ೨೨೨ ರೂಪಾಯಿ, ಎರಡನೆಯದು ೧೬೭. ಚೀಟಿಯ ಮೇಲೆ ದಿನಾಂಕ, ಕಾರಿನ ಸಂಖ್ಯೆ, ಅಂಗಡಿಯ ಮುದ್ರೆ ಮೂರೂ ಇವೆಯೆ ಎಂದು ನೋಡಿಕೊಂಡೇ ಹಣ ಎಣಿಸಬೇಕು.

ಹಳೆಯದನ್ನು ಏನು ಮಾಡುವುದು? ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ; ಮನೆಯ ಬಾಗಿಲಿಗೆ ಗುಜರಿಯವನು ಬರುತ್ತಾನೆ, ಅಂಗಡಿಗಿಂತ ನೂರು ಇನ್ನೂರು ಹೆಚ್ಚು ಕೊಡುತ್ತಾನೆ. ಹತ್ತು ಕಿಲೋ ತೂಗುವ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ: ಊರ ಹೊರಗಿನ ಒಂದು ಮೋರಿಯ ಬಳಿ, ಒಬ್ಬನು ಮಚ್ಚಿನಿಂದ ಪೆಟ್ಟಿಗೆಯನ್ನು ಒಡೆದು, ಆಮ್ಲವನ್ನು ಮೋರಿಗೆ ಸುರಿದು, ತಗಡುಗಳನ್ನು ಚೀಲಕ್ಕೆ ತುಂಬುತ್ತಿದ್ದನು. ಅವನ ಮಗು, ಮೂರು ವರ್ಷವಿದ್ದೀತು, ಆ ಬೂದುಬಣ್ಣದ ಪುಡಿಯಲ್ಲಿ ಬೆರಳಿನಿಂದ ಗೀಚಿ ಆಡುತ್ತಿತ್ತು. ಸೀಸವನ್ನು ಬಯಲಿನಲ್ಲಿ ಕರಗಿಸಿದರೆ ಹೊಗೆಯಾಗಿ, ಧೂಳಾಗಿ ಸುತ್ತಲ ಮಣ್ಣಿಗೆ ಸೇರುತ್ತದೆ. ಮಕ್ಕಳ ಮೈಗೆ ಹೋದರೆ ಬೆಳೆಯುವ ಮಿದುಳನ್ನು ಕುಗ್ಗಿಸುತ್ತದೆ, ಮತ್ತೆ ಸರಿಪಡಿಸುವುದಕ್ಕಾಗದು. ಇಷ್ಟರವರೆಗೆ ಬಾಧೆಯಿಲ್ಲವೆಂಬ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೨೦ರ ಜುಲೈಯಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಪ್ರಕಟಿಸಿದ ವರದಿಯಲ್ಲಿ, ಪ್ರಪಂಚದ ಮೂವರು ಮಕ್ಕಳಲ್ಲಿ ಒಬ್ಬರ, ಎಂದರೆ ಸುಮಾರು ೮೦ ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ಐದು ಮೈಕ್ರೋಗ್ರಾಮು ಅಥವಾ ಅದಕ್ಕೂ ಹೆಚ್ಚು ಸೀಸವಿದೆಯೆಂದಿತ್ತು. ಹೀಗೆ ಬ್ಯಾಟರಿಗಳನ್ನು ಕಂಡಕಂಡಲ್ಲಿ ಒಡೆಯುವುದನ್ನು ಮುಖ್ಯ ಕಾರಣಗಳಲ್ಲೊಂದಾಗಿ ಎಣಿಸಿದ್ದರು. ಸಂಖ್ಯೆ ದೊಡ್ಡದು, ನನಗೆ ನೆನಪಾಗುವುದು ಆ ಒಂದು ಬೆರಳು.

ನಮ್ಮ ದೇಶದಲ್ಲಿ ೨೦೦೧ರಿಂದಲೇ ಹಳೆಯ ಬ್ಯಾಟರಿಗಳಿಗೆ ನಿಯಮವಿತ್ತು. ೨೦೨೨ರಲ್ಲಿ ಬಂದ ಹೊಸ ನಿಯಮ ಅವುಗಳನ್ನು ಹಿಂದಕ್ಕೆ ಪಡೆದು ಕ್ರಮವಾಗಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿದೆ. ಅಂಗಡಿಗೆ ಕೊಟ್ಟದ್ದೆಲ್ಲ ಕ್ರಮವಾದ ಕುಲುಮೆಗೇ ಹೋಗುತ್ತದೆಂದು ಪ್ರಮಾಣ ಮಾಡಲಾರೆ. ಬಾಗಿಲಿಗೆ ಬಂದವನಿಗೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ನೋಡಿದ್ದೇನೆ.

ಕಳೆದ ೨೦೨೫ರ ಆಗಸ್ಟಿನಲ್ಲಿ ನಾಲ್ಕನೆಯದನ್ನು ತಂದೆ. ತಯಾರಾಗಿ ಏಳು ವಾರ. ಬಿಟ್ಟಿಯ ತಿಂಗಳು ಮೂವತ್ತು. ಅಂಗಡಿಯ ಹುಡುಗನು ಋಣಧ್ರುವವನ್ನು ಮೊದಲು ಬಿಚ್ಚಿ, ಹೊಸದಕ್ಕೆ ಅದನ್ನೇ ಕೊನೆಯಲ್ಲಿ ಬಿಗಿದನು. ಕೆಲಸ ಬಲ್ಲವನೆಂದು ಸಂತೋಷವಾಯಿತು. ಹಳೆಯದನ್ನು ವಾಲಿಸದೆ ನೆಟ್ಟಗೆ ಎತ್ತಿಕೊಂಡು ಹೋಗಿ ಒಳಗೆ ಸಾಲಾಗಿದ್ದವುಗಳ ಪಕ್ಕದಲ್ಲಿಟ್ಟನು. ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ಕೊಟ್ಟರು. ಗುಜರಿಯವನು ಹೇಳಿದ್ದಕ್ಕಿಂತ ನೂರೈವತ್ತು ರೂಪಾಯಿ ಕಡಮೆ. ಅದನ್ನೂ ಪುಸ್ತಕದಲ್ಲಿ ಖರ್ಚೆಂದೇ ಬರೆದಿದ್ದೇನೆ.